ಲಾರಿಯ ಹಲಗೆ ಕೊಳೆಯುವುದೇಕೆ?

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಆದರೆ ತೆರಕಣಾಂಬಿಯಲ್ಲಿ ತರಕಾರಿ ತುಂಬಿದ ಲಾರಿಯು ಬಂಡೀಪುರದ ಕಾಡನ್ನು ದಾಟಿ ಕೆಲವೇ ತಾಸುಗಳಲ್ಲಿ ವಯನಾಡಿನ ಜಡಿಮಳೆಯನ್ನು ಹೊಗುತ್ತದೆ. ಒಣನಾಡಿನ ಗಾಡಿಯೆಂದು ಅದರ ಮರವನ್ನು ಅಲಕ್ಷಿಸುವಂತಿಲ್ಲ. ಬಣ್ಣ ಬಳಿದ ಹಲಗೆ ಮೇಲೆ ಗಟ್ಟಿಯಾಗಿ ಕಂಡು, ಹೊರೆ ಬಿದ್ದ ದಿನ ಒಮ್ಮೆಲೇ ಕುಸಿಯುವುದುಂಟು. ಘಟ್ಟದ ತಿರುವಿನಲ್ಲಿ ಹೀಗಾದರೆ ಸರಕಿನೊಡನೆ ಪ್ರಾಣಕ್ಕೂ ಅಪಾಯ.

ಮರವನ್ನು ಕೊಳೆಯಿಸುವುದು ಬರಿಯ ನೀರಲ್ಲ. ನೀರನ್ನು ಆಶ್ರಯಿಸಿ ಬೆಳೆಯುವ ಶಿಲೀಂಧ್ರ. ಇದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇರುವುದರಿಂದ ಅವನ್ನು ತಡೆಯುವುದು ಆಗದ ಮಾತು. ಆದರೆ ಮರದಲ್ಲಿರುವ ತೇವವು ಅದರ ಒಣತೂಕದ ನೂರಕ್ಕೆ 20ಕ್ಕಿಂತ ಕಡಿಮೆಯಿದ್ದರೆ ಶಿಲೀಂಧ್ರ ಬೆಳೆಯಲಾರದು. 30ರ ಸುಮಾರಿಗೆ ಏರಿತೆಂದರೆ ಅದಕ್ಕೆ ಹಬ್ಬ. ಆದುದರಿಂದ ನಮ್ಮ ಪ್ರಶ್ನೆ ಒಂದೇ: ನೀರು ಒಳಸೇರುವುದು ಎಲ್ಲಿಂದ?

ಮರವೆಂಬುದು ಸೂಕ್ಷ್ಮ ಕೊಳವೆಗಳ ಕಟ್ಟು. ಹಲಗೆಯ ಮೈಗಿಂತ ಅದರ ಕೊಯ್ದ ತುದಿಯು ಬಹು ಬೇಗ ನೀರು ಹೀರುತ್ತದೆ. ಬೋಲ್ಟಿನ ತೂತು, ಹಲಗೆಗಳ ಸಂದು, ತಗಡಿನ ಅಡಿ, ಇವೂ ಅದಕ್ಕೆ ಬಾಗಿಲುಗಳೇ. ಬಿರುಕುಬಿಟ್ಟ ಬಣ್ಣ ನೀರನ್ನು ಒಳಗೆ ಬಿಡುತ್ತದೆ, ಬೇಗ ಆರಗೊಡುವುದಿಲ್ಲ.

ಇನ್ನೊಂದು ಗುಪ್ತದಾರಿಯೂ ಇದೆ. 2009ರಿಂದ ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳ ಸಂಚಾರಕ್ಕೆ ನಿಷೇಧವಿದೆ. ಹೊತ್ತು ಮೀರಿ ಬಂದ ಲಾರಿ ಕಾಡಿನಂಚಿನಲ್ಲಿ ಕಾಯಬೇಕು. ಬಿಗಿದ ಟಾರ್ಪಾಲಿನಡಿ ತರಕಾರಿ ಉಸಿರಾಡುತ್ತಲೇ ಇರುತ್ತದೆ. ಅದರ ಆವಿಯು ತಣ್ಣನೆಯ ಟಾರ್ಪಾಲಿಗೆ ತಗುಲಿ, ಹನಿಯಾಗಿ ಹಲಗೆಗಿಳಿಯುತ್ತದೆ. ಮಳೆಯಿಲ್ಲದ ರಾತ್ರಿಯೂ ಲಾರಿ ನೆನೆಯುವುದು ಹೀಗೆ.

ಪರಿಹಾರ ಕಷ್ಟವಲ್ಲ. ಚೆನ್ನಾಗಿ ಆರಿದ ಮರವನ್ನೇ ಬಳಸಬೇಕು. ಜೋಡಿಸುವ ಮೊದಲೇ ತುದಿಗಳಿಗೂ ತೂತುಗಳಿಗೂ ಎರಡು ಸಲ ಬಣ್ಣ ಕುಡಿಸಬೇಕು. ಮೇಲಿನ ಸಂದುಗಳನ್ನು ಮುಚ್ಚಿ, ನೆಲದಲ್ಲಿ ನೀರು ಹರಿದುಹೋಗಲು ಎಡೆ ಬಿಡಬೇಕು. ಎಲ್ಲವನ್ನೂ ಮುಚ್ಚಿದರೆ ಒಳಗಿನ ನೀರಿಗೆ ಹಾದಿಯಿರದು. ಸರಕಿಳಿಸಿದೊಡನೆ ಟಾರ್ಪಾಲು ತೆಗೆದು ಬಿಸಿಲು ಗಾಳಿಗಳಿಗೆ ಒಡ್ಡಬೇಕು. ತಿಂಗಳಿಗೊಮ್ಮೆ ಮೂಲೆಗಳನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಬೇಕು. ಸುಲಭವಾಗಿ ಇಳಿದರೆ ಅಲ್ಲಿ ಕೊಳೆತವಿದೆಯೆಂದೇ ಅರ್ಥ. ಶಿಲೀಂಧ್ರದ ಎಳೆಗಳು ಕಾಣುವ ಕೊಳೆತವನ್ನು ಮೀರಿ ಹಬ್ಬಿರುವುದರಿಂದ, ಗಟ್ಟಿ ಮರವನ್ನೂ ಒಂದಿಷ್ಟು ಸೇರಿಸಿ ಕತ್ತರಿಸಿ ತೆಗೆಯುವುದು ಲೇಸು.

ಪ್ರವಾಸಿಗರು ಮಲಗುವ ಗಾಲಿಯ ಮನೆಗಳಿಗೂ ಇದೇ ನಿಯಮ. ಅಲ್ಲಿ ತರಕಾರಿಯ ಬದಲು ಮನುಷ್ಯರೇ ಉಸಿರಾಡುತ್ತಾರೆ. ನೀರು ಬಾರದಂತೆ ತಡೆಯುವುದು ಅರ್ಧ ಕೆಲಸ. ಬಂದ ನೀರು ಬೇಗ ಆರುವಂತೆ ಮಾಡುವುದು ಉಳಿದರ್ಧ.