ರೋಮಿಂಗ್ ಯಾವುದಕ್ಕೆ ಆನ್, ಯಾವುದಕ್ಕೆ ಆಫ್?

ವಿದೇಶ ಪ್ರವಾಸಕ್ಕೆ ಇ-ಸಿಮ್ ಕೊಳ್ಳುವ ಮೊದಲು ನಿಮ್ಮ ಫೋನಿನಲ್ಲಿ ಕರೆ ಮಾಡುವಂತೆ *#06# ಒತ್ತಿ ನೋಡಿ. ಐಎಂಇಐ ಸಂಖ್ಯೆಗಳ ಜೊತೆಗೆ ‘ಇಐಡಿ’ ಎಂಬ 32 ಅಂಕಿಗಳ ಉದ್ದನೆಯ ಸಂಖ್ಯೆಯೂ ಕಾಣಿಸಿದರೆ ಫೋನಿನೊಳಗೆ ಇ-ಸಿಮ್ ಚಿಪ್ ಇದೆ ಎಂದರ್ಥ. ಮಾಡೆಲ್ ಹೆಸರು ನಂಬಿಕೊಂಡು ಕೂರಬೇಡಿ. ಐಫೋನ್ 14ನ್ನೇ ತೆಗೆದುಕೊಳ್ಳಿ: 2022ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದದ್ದರಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲವೂ ಇ-ಸಿಮ್. ಚೀನಾದಲ್ಲಿ ಮಾರಿದ್ದರಲ್ಲಿ ಎರಡು ಪ್ಲಾಸ್ಟಿಕ್ ಸಿಮ್ ಹಿಡಿಯುತ್ತವೆ, ಇ-ಸಿಮ್ ಇಲ್ಲ. ಅಮೆರಿಕದಿಂದ ಮಗಳು ತಂದುಕೊಟ್ಟ ಫೋನ್ ಬಳಸುವವರು ಊರಿನ ನಂಬರನ್ನೂ ಇ-ಸಿಮ್ ಮಾಡಿಸಿಕೊಳ್ಳಬೇಕಾಗುವುದು ಇದೇ ಕಾರಣಕ್ಕೆ.

ಸಿಮ್ ಎಂದರೆ ಪ್ಲಾಸ್ಟಿಕ್ ಚೂರಲ್ಲ. 1991ರಲ್ಲಿ ಮ್ಯೂನಿಕ್‌ನ ಗೀಸೆಕೆ ಆ್ಯಂಡ್ ಡೆವ್ರಿಯೆಂಟ್ ಕಂಪನಿ ಫಿನ್‌ಲೆಂಡಿನ ರೇಡಿಯೊಲಿಂಜಾಗೆ ಮೊದಲ ಸಿಮ್‌ಗಳನ್ನು ಮಾಡಿಕೊಟ್ಟಾಗಲೂ ಅದರ ಜೀವಾಳ ಎರಡೇ: ಗ್ರಾಹಕನನ್ನು ಗುರುತಿಸುವ ಒಂದು ಸಂಖ್ಯೆ, ಮತ್ತು ಯಾರಿಗೂ ತೋರಿಸದ ಒಂದು ಗುಪ್ತ ಕೀಲಿ. ನೆಟ್‌ವರ್ಕ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಸಿಮ್ ತನ್ನ ಕೀಲಿಯಿಂದ ಅದರ ಮೇಲೆ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹೇಳುತ್ತದೆ. ಕೀಲಿ ಸಿಮ್ ಬಿಟ್ಟು ಹೊರಗೆ ಬರುವುದೇ ಇಲ್ಲ. ಇ-ಸಿಮ್‌ನಲ್ಲಿ ಇವೇ ಎರಡು ‘ಪ್ರೊಫೈಲ್’ ಎಂಬ ಕಡತದ ರೂಪದಲ್ಲಿ ಇಂಟರ್ನೆಟ್ ಮೂಲಕ ಬಂದು ಚಿಪ್‌ನಲ್ಲಿ ಕೂರುತ್ತವೆ. ನಿಮಗೆ ಬರುವ ಕ್ಯೂಆರ್ ಕೋಡ್‌ನಲ್ಲಿ ಆ ಕಡತ ಇರುವುದಿಲ್ಲ. ಅದು ಸಿಗುವ ಸರ್ವರ್‌ನ ವಿಳಾಸ ಮತ್ತು ಒಂದು ಟೋಕನ್ ಮಾತ್ರ ಇರುತ್ತದೆ. ಸರ್ವರ್ ನಿಮ್ಮ ಚಿಪ್‌ನ ಪ್ರಮಾಣಪತ್ರವನ್ನು ಪರೀಕ್ಷಿಸಿ, ಆ ಚಿಪ್ ಒಂದೇ ಬಿಡಿಸಬಲ್ಲ ಹಾಗೆ ಕಡತವನ್ನು ಬೀಗ ಹಾಕಿ ಕಳಿಸುತ್ತದೆ.

ಇಲ್ಲಿಂದ ಮುಂದೆ ಕುತೂಹಲದ ಸಂಗತಿ. ಆ ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು. ಭಾರತಕ್ಕೆ 404 ಅಥವಾ 405, ಫ್ರಾನ್ಸ್‌ಗೆ 208, ಸ್ವಿಟ್ಜರ್‌ಲೆಂಡ್‌ಗೆ 228, ಹಾಂಗ್‌ಕಾಂಗ್‌ಗೆ 454. ಯುರೋಪ್ ಪ್ರವಾಸಕ್ಕೆಂದು ನೀವು ಕೊಂಡ ಇ-ಸಿಮ್ ಪ್ಯಾರಿಸ್ಸಿನದೇ ಆಗಿರಬೇಕೆಂದಿಲ್ಲ. ಹಾಂಗ್‌ಕಾಂಗಿನದೋ ಪೋಲೆಂಡಿನದೋ ಆಗಿರಬಹುದು. ಪ್ಯಾರಿಸ್ಸಿನ ಟವರ್ ಕಣ್ಣಿಗೆ ಅದೂ ನೆಂಟನೇ. ಆದ್ದರಿಂದಲೇ ಇಳಿದ ತಕ್ಷಣ ಬಹಳ ಜನ ಪೇಚಿಗೆ ಸಿಲುಕುತ್ತಾರೆ. ‘ಡೇಟಾ ರೋಮಿಂಗ್ ಆನ್ ಮಾಡಿದರೆ ಸಾವಿರಾರು ರೂಪಾಯಿ ಬಿಲ್’ ಎಂದು ಕೇಳಿದವರು ಎರಡು ಸಿಮ್‌ಗೂ ಅದನ್ನು ಆಫ್ ಮಾಡಿರುತ್ತಾರೆ. ಟವರ್ ಗೆರೆಗಳು ತುಂಬಿದ್ದರೂ ಇಂಟರ್ನೆಟ್ ಬರುವುದಿಲ್ಲ. ರೋಮಿಂಗ್ ಗುಂಡಿ ಒಂದೊಂದು ಸಿಮ್‌ಗೆ ಒಂದೊಂದಿದೆ. ಪ್ರವಾಸದ ಇ-ಸಿಮ್‌ಗೆ ಅದು ಆನ್ ಇರಬೇಕು. ಊರಿನ ಸಿಮ್‌ಗೆ ಕಡ್ಡಾಯವಾಗಿ ಆಫ್. ಮೊಬೈಲ್ ಡೇಟಾಗೆ ಇ-ಸಿಮ್ಮನ್ನೇ ಆರಿಸಿ. ಸಿಗ್ನಲ್ ಕುಂದಿದಾಗ ಇನ್ನೊಂದು ಸಿಮ್‌ನ ಡೇಟಾಗೆ ತಾನಾಗಿ ಜಿಗಿಯುವ ಸೌಲಭ್ಯವನ್ನು ಆಫ್ ಮಾಡಿಬಿಡಿ.

ಹಾಗಾದರೆ ಬ್ಯಾಂಕಿನ ಒಟಿಪಿ? ಬರುತ್ತದೆ. ಎಸ್ಸೆಮ್ಮೆಸ್‌ಗೆ ಇಂಟರ್ನೆಟ್ ಡೇಟಾ ಬೇಕಿಲ್ಲ. ಫೋನ್ ಮತ್ತು ನೆಟ್‌ವರ್ಕ್ ನಡುವಿನ ಸಂಜ್ಞೆಗಳ ದಾರಿಯಲ್ಲೇ ಅದು ಬಂದುಬಿಡುತ್ತದೆ. ಆದರೆ ಊರಿನ ಸಿಮ್ ಫೋನಿನಲ್ಲೇ ಇರಬೇಕು, ಆನ್ ಇರಬೇಕು, ಆ ನಂಬರಿಗೆ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಆಗಿರಬೇಕು. ಇದನ್ನು ಹೊರಡುವ ಮೊದಲೇ ನಿಮ್ಮ ಕಂಪನಿಯನ್ನು ಕೇಳಿ ಮಾಡಿಸಿ. ಆ ನಂಬರಿಗೆ ಬಂದ ಕರೆಯನ್ನು ಎತ್ತಿದರೆ ಮಾತ್ರ ದುಡ್ಡು ಹೋಗಬಹುದು, ನೆನಪಿರಲಿ. ವಾಟ್ಸ್ಆ್ಯಪ್ ಹೊಸ ನಂಬರಿಗೆ ಬದಲಾಯಿಸುವುದೇ ಎಂದು ಕೇಳಿದರೆ ಬೇಡ ಅನ್ನಿ.

ನೆಂಟನಾಗಿರುವುದಕ್ಕೆ ಇನ್ನೊಂದು ಪರಿಣಾಮವಿದೆ. ಎಷ್ಟೋ ಇ-ಸಿಮ್‌ಗಳ ಡೇಟಾ ಮೊದಲು ತನ್ನ ತವರಿಗೆ ಹೋಗಿ ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುತ್ತದೆ. ಪ್ಯಾರಿಸ್ಸಿನಿಂದ ಹಾಂಗ್‌ಕಾಂಗ್‌ಗೆ ನೇರ ದೂರವೇ ಸುಮಾರು 9,600 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ 2 ಲಕ್ಷ ಕಿ.ಮೀ. ಓಡಿದರೂ ಹೋಗಿ ಬರುವುದಕ್ಕೇ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕೇಬಲ್‌ಗಳು ನೇರ ದಾರಿ ಹಿಡಿಯುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಒಂದು ವೆಬ್ ಪುಟ ತೆರೆಯಲು ಇಂಥ ಹತ್ತಾರು ಓಡಾಟ. 5ಜಿ ಎಂದು ತೋರಿಸುತ್ತಿದ್ದರೂ ಎದುರಿಗಿರುವ ರೈಲಿನ ಟಿಕೆಟ್ ಪುಟ ನಿಧಾನಕ್ಕೆ ಬಿಚ್ಚಿಕೊಳ್ಳುವುದು, ಜಾಹೀರಾತು ಚೀನೀ ಲಿಪಿಯಲ್ಲಿ ಬರುವುದು ಹೀಗೆ. ವಿಡಿಯೊ ಕರೆಯಲ್ಲೇ ಕೆಲಸ ಮಾಡಬೇಕಾದವರು ಅಲ್ಲಿನದೇ ಕಂಪನಿಯ ಇ-ಸಿಮ್ ಕೊಳ್ಳುವುದು ಲೇಸು, ದುಬಾರಿಯಾದರೂ.

ಕೊಳ್ಳುವಾಗ ದೇಶಗಳ ಪಟ್ಟಿಯನ್ನು ಒಂದೊಂದಾಗಿ ಓದಿ. ‘ಯುರೋಪ್’ ಎಂಬ ಹೆಸರಿಗೆ ಮರುಳಾಗಬೇಡಿ. ಐರೋಪ್ಯ ಒಕ್ಕೂಟದ ಒಳಗೆ ರೋಮಿಂಗ್‌ಗೆ ಹೆಚ್ಚುವರಿ ಶುಲ್ಕವಿಲ್ಲ ಎಂಬ ನಿಯಮ 2017ರ ಜೂನ್‌ನಲ್ಲಿ ಬಂತು. ಆದರೆ ಒಕ್ಕೂಟದ ಸದಸ್ಯನಲ್ಲದ ಸ್ವಿಟ್ಜರ್‌ಲೆಂಡ್ ಅದರ ಹೊರಗೆ. ಬ್ರೆಕ್ಸಿಟ್ ನಂತರ ಬ್ರಿಟನ್ ಕೂಡ ಹೊರಗೆ. ನಮ್ಮವರ ಪ್ರವಾಸವೆಂದರೆ ಲಂಡನ್, ಪ್ಯಾರಿಸ್, ಸ್ವಿಸ್ ಹಿಮಬೆಟ್ಟ ಇರಲೇಬೇಕಲ್ಲ! ಅಗ್ಗದ ಪ್ಯಾಕ್‌ನಲ್ಲಿ ಈ ಮೂರರಲ್ಲಿ ಎರಡು ಬಿಟ್ಟುಹೋಗಿರುವುದು ಸಾಧ್ಯ. ‘ಅನ್‌ಲಿಮಿಟೆಡ್’ ಎಂದಿದ್ದರೆ ದಿನಕ್ಕೆ ಎಷ್ಟು ಜಿಬಿ ಆದಮೇಲೆ ವೇಗ ಕುಸಿಯುತ್ತದೆ, ಹಾಟ್‌ಸ್ಪಾಟ್ ಬಿಡುತ್ತಾರೋ ಇಲ್ಲವೋ ಎಂಬುದನ್ನೂ ನೋಡಿ.

ಯಾರಿಂದ ಕೊಳ್ಳುವುದು? ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. 2024ರ ಜನವರಿಯಲ್ಲಿ ಏರಾಲೊ, ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್ ಮತ್ತು ಪ್ಲೇ ಸ್ಟೋರ್‌ಗಳಿಂದ ತೆಗೆಸಿದ್ದು ಈ ಕಾರಣಕ್ಕೇ. ಅನುಮತಿ ಇರುವ ಮಾರಾಟಗಾರರು ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಗಾಬರಿ ಬೇಡ.

ಪ್ರೊಫೈಲ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕೇ ಬೇಕು. ಹಾಗಾಗಿ ಅದನ್ನು ಮನೆಯ ವೈಫೈನಲ್ಲೇ, ಹೊರಡುವ ಹಿಂದಿನ ದಿನ ಮುಗಿಸಿ. ಅದಕ್ಕೆ ಮೊದಲು ವಾಯಿದೆ ಎಂದಿನಿಂದ ಶುರು ಎಂದು ಓದಿಕೊಳ್ಳಿ: ಕೆಲವದರಲ್ಲಿ ಇಳಿಸಿಕೊಂಡ ಕ್ಷಣದಿಂದ, ಕೆಲವದರಲ್ಲಿ ಅಲ್ಲಿನ ಟವರ್ ಹಿಡಿದ ಮೇಲೆ. ಕ್ಯೂಆರ್ ಕೋಡ್ ಬರುವುದು ಅದೇ ಫೋನಿನ ಇಮೇಲ್‌ಗೆ, ಸ್ಕ್ಯಾನ್ ಮಾಡಬೇಕಾದ ಕ್ಯಾಮೆರಾ ಕೂಡ ಅದರದೇ. ಮನೆಯವರ ಫೋನಿಗೆ ಕಳಿಸಿ ಅಲ್ಲಿಂದ ಸ್ಕ್ಯಾನ್ ಮಾಡಿ. ಇಳಿದ ಪ್ರೊಫೈಲ್‌ಗೆ ‘ಯುರೋಪ್’ ಎಂದೋ ಏನೋ ಹೆಸರಿಡಿ, ಇಲ್ಲದಿದ್ದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅಲ್ಲಿ ಹೋದಮೇಲೆ ಕೆಲಸ ಮಾಡದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಎಪಿಎನ್ (ಡೇಟಾ ಸಂಪರ್ಕದ ಸೆಟ್ಟಿಂಗ್) ಸರಿಯಿದೆಯೇ ನೋಡಿ. ಸಿಟ್ಟಿನಲ್ಲಿ ಪ್ರೊಫೈಲ್ ಅಳಿಸಬೇಡಿ. ಹೆಚ್ಚಿನ ಕೋಡ್‌ಗಳು ಒಂದೇ ಸಲಕ್ಕೆ. ಅಳಿಸಿದ್ದು ಮತ್ತೆ ಇಳಿಯುವುದಿಲ್ಲ.

ಹತ್ತು ಹದಿನೈದು ದಿನ, ಎರಡು ಮೂರು ದೇಶ ಎಂದಾದರೆ ಇ-ಸಿಮ್‌ನಲ್ಲೇ ದುಡ್ಡು ಉಳಿಯುವುದು ಸಾಮಾನ್ಯ. ಮೂರು ದಿನದ ಕೆಲಸಕ್ಕೆ ಹೋಗುವವರಿಗೆ, ಸೆಟ್ಟಿಂಗ್ಸ್ ಮುಟ್ಟಲು ಹೆದರುವ ಅಪ್ಪ-ಅಮ್ಮನಿಗೆ ಇದರ ಉಸಾಬರಿಯೇ ಬೇಡ. ಊರಿನ ಸಿಮ್‌ಗೇ ಒಂದು ರೋಮಿಂಗ್ ಪ್ಯಾಕ್ ಹಾಕಿಸಿ, ಅವರ ಫೋನಿನಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ ಕಳಿಸಿ.