ನೀವು ಇಲಿಯೋ, ಹುಲಿಯೋ?

ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ನೀವು ಹುಟ್ಟಿದ ಇಸವಿಯನ್ನು 12ರಿಂದ ಭಾಗಿಸಿ. ಭಾಗಲಬ್ಧ ಬೇಡ, ಶೇಷ ಸಾಕು. ಶೇಷ 4 ಬಂದರೆ ನೀವು ಇಲಿ. 5 ಬಂದರೆ ಎತ್ತು, 6 ಹುಲಿ, 7 ಮೊಲ, 8 ಡ್ರ್ಯಾಗನ್, 9 ಹಾವು, 10 ಕುದುರೆ, 11 ಕುರಿ. ಏನೂ ಉಳಿಯದಿದ್ದರೆ ಕೋತಿ. 1 ಉಳಿದರೆ ಹುಂಜ, 2 ನಾಯಿ, 3 ಹಂದಿ. 2010ರಲ್ಲಿ ಹುಟ್ಟಿದ ಹುಡುಗ ಹುಲಿಯಾಗುತ್ತಾನೆ. ಅವನ ತಂದೆ 1979ರವರಾದರೆ ಕುರಿ. ಮನೆಯಲ್ಲಿ ಇದನ್ನು ಹೇಳುವಾಗ ಸ್ವಲ್ಪ ಎಚ್ಚರಿಕೆ ಇರಲಿ!

ಒಂದು ತೊಡಕೂ ಇದೆ. ಚೀನೀಯರ ಹೊಸ ವರ್ಷ ಜನವರಿ 1ಕ್ಕೆ ಬರುವುದಿಲ್ಲ. ಚಂದ್ರನ ಗತಿಯನ್ನು ಅನುಸರಿಸಿ ಜನವರಿ 21ರಿಂದ ಫೆಬ್ರವರಿ 20ರ ನಡುವಿನ ಯಾವುದೋ ಒಂದು ಅಮಾವಾಸ್ಯೆಯ ದಿನ ಆರಂಭವಾಗುತ್ತದೆ. 2000ನೇ ಇಸವಿ ಡ್ರ್ಯಾಗನ್ ವರ್ಷವಾದರೂ ಅದು ಶುರುವಾದದ್ದು ಫೆಬ್ರವರಿ 5ಕ್ಕೆ. ಆ ವರ್ಷದ ಸಂಕ್ರಾಂತಿಯಂದು ಹುಟ್ಟಿದವರು ಡ್ರ್ಯಾಗನ್ ಅಲ್ಲ, ಹಿಂದಿನ ವರ್ಷದ ಮೊಲ.

ನಮ್ಮ ಮೇಷ, ವೃಷಭಗಳಿಗೂ ಈ ಪ್ರಾಣಿಗಳಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಗೊತ್ತಾಗುತ್ತದೆ. ನಮ್ಮ ರಾಶಿ ಚಂದ್ರನ ನಡೆಯಂತೆ ಎರಡು, ಎರಡೂವರೆ ದಿನಕ್ಕೊಮ್ಮೆ ಬದಲಾಗುತ್ತದೆ. ಚೀನೀಯರದು ಇಡೀ ವರ್ಷಕ್ಕೆ ಒಂದೇ ಪ್ರಾಣಿ. ಎಂದರೆ ಒಂದು ತರಗತಿಯ ಮಕ್ಕಳೆಲ್ಲ ಬಹುಮಟ್ಟಿಗೆ ಒಂದೋ ಎರಡೋ ಪ್ರಾಣಿಗಳಿಗೆ ಸೇರಿದವರು. ಹತ್ತನೇ ತರಗತಿಯ 'ಬಿ' ಸೆಕ್ಷನ್ನಿನಲ್ಲಿ ಕುಳಿತ ಅರವತ್ತು ಮಂದಿಯೂ ಧೈರ್ಯಶಾಲಿ ಹುಲಿಗಳೇ ಎಂದರೆ ನಂಬುವ ಮೇಷ್ಟರು ಎಲ್ಲಿದ್ದಾರೆ?

ಓಟದ ಕಥೆ

ಇಷ್ಟು ಸಣ್ಣ ಇಲಿಗೆ ಮೊದಲ ಸ್ಥಾನ ಹೇಗೆ ಬಂತು? ಚೀನೀ ಅಜ್ಜಿಯರ ಬಳಿ ಇದಕ್ಕೊಂದು ಕಥೆಯಿದೆ. ಸ್ವರ್ಗದ ಒಡೆಯನಾದ ಜೇಡ್ ಚಕ್ರವರ್ತಿ ಪ್ರಾಣಿಗಳಿಗೆ ಒಂದು ಓಟದ ಪಂದ್ಯ ಇಟ್ಟನಂತೆ. ನದಿ ದಾಟಿ ಮೊದಲು ಬಂದ ಹನ್ನೆರಡು ಪ್ರಾಣಿಗಳ ಹೆಸರನ್ನು ವರ್ಷಗಳಿಗೆ ಇಡುವುದಾಗಿ ಸಾರಿದನಂತೆ. ಎತ್ತು ಬೆಳಗಿನ ಜಾವವೇ ಹೊರಟಿತು. ಈಜು ಬಾರದ ಇಲಿ ಅದರ ಬೆನ್ನೇರಿ ಕುಳಿತು, ದಡ ಹತ್ತಿರವಾದಾಗ ಛಂಗನೆ ಮುಂದಕ್ಕೆ ನೆಗೆದು ಮೊದಲನೆಯದಾಯಿತು. ಪ್ರವಾಹದೊಡನೆ ಸೆಣಸಿ ಬಂದ ಹುಲಿ ಮೂರನೆಯದು. ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಾ ಬಂದು, ಕೊನೆಗೆ ತೇಲುವ ಮರದ ದಿಮ್ಮಿ ಹಿಡಿದು ದಡ ಸೇರಿದ ಮೊಲ ನಾಲ್ಕನೆಯದು.

ಹಾರಬಲ್ಲ ಡ್ರ್ಯಾಗನ್ ಐದನೆಯದಾಗಿ ಬಂದಾಗ ಚಕ್ರವರ್ತಿಗೇ ಆಶ್ಚರ್ಯ. 'ದಾರಿಯಲ್ಲಿ ಒಂದು ಊರಿಗೆ ಮಳೆ ಬೇಕಿತ್ತು, ಸುರಿಸಿ ಬಂದೆ. ಆಮೇಲೆ ದಿಮ್ಮಿಯ ಮೇಲೆ ಕುಳಿತ ಮೊಲ ಕಂಡಿತು, ಉಸಿರು ಊದಿ ದಡಕ್ಕೆ ತಳ್ಳಿದೆ' ಎಂದಿತಂತೆ ಅದು. ಕುದುರೆಯ ಗೊರಸಿಗೆ ಸುತ್ತಿಕೊಂಡಿದ್ದ ಹಾವು ಇದ್ದಕ್ಕಿದ್ದಂತೆ ಹೊರಬಿದ್ದು ಕುದುರೆಯನ್ನು ಬೆಚ್ಚಿಸಿ ಆರನೆಯದಾಯಿತು. ಕುರಿ, ಕೋತಿ, ಹುಂಜ ಕೂಡಿ ಒಂದು ತೆಪ್ಪ ಕಟ್ಟಿಕೊಂಡು ಬಂದವು. ನೀರಾಟದಲ್ಲಿ ಮೈಮರೆತ ನಾಯಿ ಹನ್ನೊಂದನೆಯದು. ಹಂದಿ ದಾರಿಯಲ್ಲಿ ಹೊಟ್ಟೆ ತುಂಬ ತಿಂದು, ಒಂದು ನಿದ್ದೆ ತೆಗೆದು, ಕಡೆಯಲ್ಲಿ ತಲುಪಿತು.

ಬೆಕ್ಕು? ಅದನ್ನು ಎಬ್ಬಿಸುವುದಾಗಿ ಮಾತು ಕೊಟ್ಟಿದ್ದ ಇಲಿ ಬೇಕೆಂದೇ ಮರೆಯಿತಂತೆ. ಅಂದಿನಿಂದ ಅವೆರಡಕ್ಕೂ ಹಗೆ. ಆದರೆ ವಿಯೆಟ್ನಾಮಿನಲ್ಲಿ ಬೆಕ್ಕಿಗೂ ನ್ಯಾಯ ಸಿಕ್ಕಿದೆ. ಅಲ್ಲಿ ಮೊಲದ ಸ್ಥಾನದಲ್ಲಿರುವುದು ಬೆಕ್ಕು, ಎತ್ತಿನ ಸ್ಥಾನದಲ್ಲಿ ಎಮ್ಮೆ. ಜಪಾನಿನಲ್ಲಿ ಸಾಕುಹಂದಿಯ ಬದಲು ಕಾಡುಹಂದಿ. ಇನ್ನು ಎಂಟನೆಯದು ಕುರಿಯೋ ಆಡೋ ಎಂಬ ಜಗಳ ಬಗೆಹರಿಯುವಂಥದ್ದಲ್ಲ. ಚೀನೀ ಭಾಷೆಯ 'ಯಾಂಗ್' ಎಂಬ ಪದ ಎರಡಕ್ಕೂ ಸಲ್ಲುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಆಡನ್ನು ಬೇರೆಯಾಗಿಯೇ ಗುರುತಿಸುವ ನಮಗೆ ಇದು ವಿಚಿತ್ರವೆನಿಸಬಹುದು.

ಬಿದಿರ ಪಟ್ಟಿಯ ಸಾಕ್ಷ್ಯ

ಕಥೆ ಹಾಗಿರಲಿ, ಇತಿಹಾಸ ಬೇರೆ. ಚೀನೀಯರು ಬಹು ಪ್ರಾಚೀನ ಕಾಲದಿಂದಲೂ ದಿನಗಳನ್ನು ಎಣಿಸಲು ಹತ್ತು ಚಿಹ್ನೆಗಳ ಒಂದು ಸಾಲನ್ನೂ ಹನ್ನೆರಡು ಚಿಹ್ನೆಗಳ ಇನ್ನೊಂದು ಸಾಲನ್ನೂ ಜೋಡಿಸಿ ಬಳಸುತ್ತಿದ್ದರು. ಹನ್ನೆರಡರ ಆ ಸಾಲಿಗೆ ಪ್ರಾಣಿಗಳು ಅಂಟಿಕೊಂಡದ್ದು ಆಮೇಲೆ. 1975ರಲ್ಲಿ ಹುಬೈ ಪ್ರಾಂತದ ಶುಯಿಹುದಿ ಎಂಬಲ್ಲಿ ಕ್ರಿ.ಪೂ. 217ರ ಸುಮಾರಿನ ಒಬ್ಬ ಅಧಿಕಾರಿಯ ಗೋರಿಯನ್ನು ಅಗೆದಾಗ ಬರಹವಿದ್ದ ಬಿದಿರಿನ ಪಟ್ಟಿಗಳು ದೊರೆತವು. ಅವುಗಳಲ್ಲಿ ಪ್ರಾಣಿಗಳ ಪಟ್ಟಿಯೂ ಇತ್ತು. ಈಗಿನದಕ್ಕಿಂತ ತುಸು ಬೇರೆ: ಈಗ ಕುದುರೆ ಇರುವ ಜಾಗದಲ್ಲಿ ಅಲ್ಲಿರುವುದು ಜಿಂಕೆ.

ಈ ನಂಬಿಕೆಯನ್ನು ಪ್ರಶ್ನಿಸಿದವರೂ ಅಷ್ಟೇ ಹಳಬರು. ಕ್ರಿ.ಶ. ಒಂದನೇ ಶತಮಾನದ ವಾಂಗ್ ಚೋಂಗ್ ಎಂಬ ವಿಚಾರವಾದಿ ತಮ್ಮ ಗ್ರಂಥದಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು. ಇಲಿಯದು ಜಲತತ್ತ್ವ, ಕುದುರೆಯದು ಅಗ್ನಿತತ್ತ್ವ. ನೀರು ಬೆಂಕಿಯನ್ನು ಗೆಲ್ಲುತ್ತದೆ ಎನ್ನುವಿರಲ್ಲ, ಹಾಗಾದರೆ ಇಲಿ ಕುದುರೆಯನ್ನು ಯಾಕೆ ಅಟ್ಟಿಸಿಕೊಂಡು ಹೋಗುವುದಿಲ್ಲ? ಎರಡು ಸಾವಿರ ವರ್ಷಗಳಾಗುತ್ತಾ ಬಂದರೂ ಇದಕ್ಕೆ ಸಮರ್ಪಕ ಉತ್ತರ ಬಂದಂತಿಲ್ಲ.

ಹನ್ನೆರಡೇ ಏಕೆ? ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಹನ್ನೆರಡು ವರ್ಷ ಬೇಕು. ಚೀನೀಯರು ಆ ಗ್ರಹವನ್ನು 'ವರ್ಷದ ನಕ್ಷತ್ರ' ಎಂದೇ ಕರೆದರು. ಹನ್ನೆರಡು ಪ್ರಾಣಿಗಳ ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳನ್ನು ಸೇರಿಸಿದರೆ 60 ವರ್ಷಗಳ ಚಕ್ರ ಸಿದ್ಧ. ಪ್ರಭವ, ವಿಭವ ಎಂದು ಆರಂಭವಾಗುವ ನಮ್ಮ ಅರವತ್ತು ಸಂವತ್ಸರಗಳ ಮೂಲದಲ್ಲಿರುವುದೂ ಇದೇ ಗುರುವಿನ ಗತಿ. ಈ ಎರಡು ಎಣಿಕೆಗಳು ಕೈಕೈ ಹಿಡಿದದ್ದು ಟಿಬೆಟ್ಟಿನಲ್ಲಿ. ಅಲ್ಲಿಯ ಅರವತ್ತರ ಚಕ್ರಕ್ಕೆ 'ರಬ್‌ಜುಂಗ್' ಎಂದು ಹೆಸರು. ಅದು 'ಪ್ರಭವ' ಎಂಬ ಪದದ ಅನುವಾದ; ಎಣಿಕೆ ಮೊದಲಾದದ್ದು 1027ರಲ್ಲಿ. ಆದರೆ ಒಳಗಿನ ವರ್ಷಗಳಿಗೆ ಸಾಮಾನ್ಯವಾಗಿ ಹೇಳುವುದು ಪ್ರಾಣಿಗಳ ಹೆಸರನ್ನೇ. 1935ರಲ್ಲಿ ಹುಟ್ಟಿದ ಹದಿನಾಲ್ಕನೆಯ ದಲೈಲಾಮಾ ಅವರದು 'ಮರ-ಹಂದಿ' ವರ್ಷ. ಬೈಲುಕುಪ್ಪೆ, ಮುಂಡಗೋಡುಗಳ ಟಿಬೆಟನ್ ಬಡಾವಣೆಗಳಲ್ಲಿ ಲೋಸಾರ್ ಹಬ್ಬ ಬಂದಾಗ ಬದಲಾಗುವುದು ಈ ಹೆಸರುಗಳೇ.

ಹಂದಿಯಿದ್ದರೆ ಮನೆ

ಪ್ರಾಣಿಗಳಿಗೆ ಆರೋಪಿಸಿದ ಗುಣಗಳನ್ನು ನೋಡಿದರೆ ಅವು ಒಂದು ರೈತಾಪಿ ಸಮಾಜದ ಅನುಭವದಿಂದ ಬಂದವೆಂದು ತಿಳಿಯುತ್ತದೆ. ಎತ್ತು ತಾಳ್ಮೆ, ದುಡಿಮೆ. ನಾಯಿ ನಿಷ್ಠೆ. ಕುದುರೆ ವೇಗ, ಸ್ವಾತಂತ್ರ್ಯ. ಕೋತಿ ಚುರುಕು ಬುದ್ಧಿ. ಹುಂಜ ಹೊತ್ತಿಗೆ ಸರಿಯಾಗಿ ಕೂಗುವ ಶಿಸ್ತುಗಾರ. ಕುರಿ ಸೌಮ್ಯ, ಕಲಾಪ್ರಿಯ. ಇಲಿ ಜಾಣ, ಕೂಡಿಡುವ ಸ್ವಭಾವದ್ದು. ಇಲಿ ಇದೆಯೆಂದರೆ ಕಣಜದಲ್ಲಿ ಕಾಳಿದೆ ಎಂದರ್ಥ ತಾನೇ? ಹುಲಿಯ ಹಣೆಯ ಪಟ್ಟೆಗಳಲ್ಲಿ ಚೀನೀಯರು 'ರಾಜ' ಎಂಬ ಅಕ್ಷರವನ್ನೇ ಕಾಣುತ್ತಾರೆ. ಕೂಸುಗಳಿಗೆ ದುಷ್ಟಶಕ್ತಿ ತಾಗದಿರಲೆಂದು ಹುಲಿಮುಖದ ಟೋಪಿ, ಪಾದರಕ್ಷೆ ತೊಡಿಸುವ ರೂಢಿಯೂ ಉಂಟು. ಮೊಲವನ್ನು ಅವರು ಚಂದ್ರನಲ್ಲಿ ಕಾಣುತ್ತಾರೆ. ಚಂದ್ರನನ್ನು ಶಶಾಂಕನೆಂದು ಕರೆಯುವ ನಮಗೆ ಅದು ಹೊಸದಲ್ಲ. ಅಲ್ಲಿಯ ಮೊಲ ಮಾತ್ರ ಸುಮ್ಮನೆ ಕೂತಿಲ್ಲ, ಒರಳಿನಲ್ಲಿ ಅಮೃತದ ಮದ್ದು ಕುಟ್ಟುತ್ತಿದೆ.

ಹಂದಿಯೆಂದರೆ ನಮ್ಮಲ್ಲಿ ಬೈಗುಳ. ಅಲ್ಲಿ ಅದು ಸಮೃದ್ಧಿ. 'ಮನೆ' ಎಂಬುದಕ್ಕೆ ಚೀನೀಯರು ಬರೆಯುವ ಅಕ್ಷರವನ್ನು ಬಿಡಿಸಿ ನೋಡಿದರೆ ಒಂದು ಸೂರು, ಅದರ ಕೆಳಗೊಂದು ಹಂದಿ! ಹಾಗೆಯೇ ಹಾವು ಅವರಿಗೆ 'ಪುಟ್ಟ ಡ್ರ್ಯಾಗನ್'. ಡ್ರ್ಯಾಗನ್ನಂತೂ ಪಾಶ್ಚಾತ್ಯ ಕಥೆಗಳಲ್ಲಿ ಬರುವ, ಬೆಂಕಿಯುಗುಳುವ ರಾಕ್ಷಸನಲ್ಲ. ನದಿಗಳ ಒಡೆಯ, ಮಳೆ ತರುವವನು, ಸಾಮ್ರಾಟನ ಲಾಂಛನ. ಐದು ಉಗುರುಗಳ ಡ್ರ್ಯಾಗನ್ ಚಿತ್ರ ಚಕ್ರವರ್ತಿಗೇ ಮೀಸಲಾಗಿತ್ತು. ಹನ್ನೆರಡರಲ್ಲಿ ಯಾರೂ ಕಣ್ಣಾರೆ ಕಾಣದ ಪ್ರಾಣಿ ಅದೊಂದೇ, ಎಲ್ಲರೂ ಬಯಸುವುದೂ ಅದನ್ನೇ.

ಬಯಕೆ, ಭಯ

ಇಲ್ಲಿಂದ ಮುಂದಿನದು ಬರೀ ಕುತೂಹಲದ ವಿಷಯವಲ್ಲ. 1976ರ ಡ್ರ್ಯಾಗನ್ ವರ್ಷದಲ್ಲಿ ತೈವಾನಿನಲ್ಲಿ ಹೆರಿಗೆಗಳು ಇದ್ದಕ್ಕಿದ್ದಂತೆ ಹೆಚ್ಚಿದವು. 1988ರಲ್ಲಿ ಸಿಂಗಪುರದಲ್ಲೂ ಹಾಗೆಯೇ ಆಯಿತು. ಡ್ರ್ಯಾಗನ್ ಮಗುವಿಗೆ ಅದೃಷ್ಟ ಖಚಿತ ಎಂಬುದು ತಂದೆತಾಯಿಯರ ನಂಬಿಕೆ. ಆದರೆ ಒಂದೇ ವರ್ಷ ಅಷ್ಟೊಂದು ಮಕ್ಕಳು ಹುಟ್ಟಿದರೆ ಮುಂದೆ ಶಾಲೆಯ ಸೀಟಿಗೂ ಕೆಲಸಕ್ಕೂ ಅಷ್ಟೇ ನೂಕುನುಗ್ಗಲು ಎಂಬುದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಹಾಗಿದ್ದೂ ಅಮೆರಿಕದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಿಬ್ಬರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರವನ್ನು ಹೊರಗೆಡವಿತು. ಚೀನಾದ ಡ್ರ್ಯಾಗನ್ ವರ್ಷದ ಮಕ್ಕಳು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಿಜವಾಗಿಯೂ ಉಳಿದವರಿಗಿಂತ ಹೆಚ್ಚು ಅಂಕ ಪಡೆಯುತ್ತಾರೆ! ನಕ್ಷತ್ರಗಳ ಮಹಿಮೆಯೇ? ಅಲ್ಲ. ಅವರ ಬುದ್ಧಿಶಕ್ತಿ, ಮನೆಯ ಸ್ಥಿತಿಗತಿ, ಆತ್ಮವಿಶ್ವಾಸ ಯಾವುದರಲ್ಲೂ ಇದಕ್ಕೆ ಕಾರಣ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ತಂದೆತಾಯಿಯರ ನಿರೀಕ್ಷೆಯಲ್ಲಿ. ಈ ಮಗು ಮುಂದೆ ಬರುತ್ತದೆ ಎಂದು ನಂಬಿದ್ದರಿಂದ ಅವರು ಅದಕ್ಕಾಗಿ ಹೆಚ್ಚು ಹೊತ್ತು, ಹೆಚ್ಚು ಹಣ ವ್ಯಯಿಸಿದ್ದರು. ಆ ನಿರೀಕ್ಷೆಯ ಪಾಲನ್ನು ಲೆಕ್ಕದಿಂದ ಕಳೆದರೆ ಡ್ರ್ಯಾಗನ್ನಿನ ಮೇಲುಗೈ ಮಾಯ. ಹತ್ತು ಕುರಿಗಳಲ್ಲಿ ಒಂಬತ್ತಕ್ಕೆ ಸುಖವಿಲ್ಲ ಎಂಬರ್ಥದ ಗಾದೆಯೂ ಅದೇ ಚೀನಾದಲ್ಲಿದೆ. ಒಂದೇ ಮನೆಯಲ್ಲಿ ಅಣ್ಣ ಡ್ರ್ಯಾಗನ್, ತಂಗಿ ಕುರಿಯಾದರೆ ಅವಳ ಪಾಲಿಗೆ ಏನು ಉಳಿದೀತು?

ಬಯಕೆಗಿಂತ ಭಯದ ಪರಿಣಾಮ ಇನ್ನೂ ದೊಡ್ಡದು. ಜಪಾನಿನಲ್ಲಿ 'ಬೆಂಕಿ-ಕುದುರೆ' ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನ ಆಯುಸ್ಸಿಗೆ ಎರವಾಗುತ್ತಾಳೆ ಎಂಬ ನಂಬಿಕೆಯಿದೆ. ಒಶಿಚಿ ಎಂಬ ತರಕಾರಿ ವ್ಯಾಪಾರಿಯ ಮಗಳ ಕಥೆ ಇದಕ್ಕೆ ತಳಕು ಹಾಕಿಕೊಂಡಿದೆ. ಬೆಂಕಿ ಅನಾಹುತದಲ್ಲಿ ಮನೆ ಕಳೆದುಕೊಂಡು ದೇವಾಲಯದಲ್ಲಿ ಆಶ್ರಯ ಪಡೆದಿದ್ದಾಗ ಅವಳಿಗೆ ಅಲ್ಲಿಯ ಹುಡುಗನೊಬ್ಬನಲ್ಲಿ ಪ್ರೇಮ ಬೆಳೆಯಿತು. ಮತ್ತೊಮ್ಮೆ ಬೆಂಕಿ ಬಿದ್ದರೆ ಅವನನ್ನು ಕಾಣಬಹುದೆಂದು ತಾನೇ ಕಿಚ್ಚಿಟ್ಟಳು. 1683ರಲ್ಲಿ ಅವಳಿಗೆ ಮರಣದಂಡನೆಯಾಯಿತು. ಅವಳು ಹುಟ್ಟಿದ್ದು 1666ರಲ್ಲಿ, ಅದು ಬೆಂಕಿ-ಕುದುರೆಯ ವರ್ಷ ಎಂದು ಜನ ಹೇಳಿಕೊಂಡರು. ನಾಟಕ, ಗೊಂಬೆಯಾಟಗಳು ಆ ಕಥೆಯನ್ನು ಊರೂರಿಗೆ ಒಯ್ದವು.

ಮುಂದೆ 1966ರಲ್ಲಿ ಏನಾಯಿತು ನೋಡಿ. ಜಪಾನ್ ಆಗಲೇ ಬುಲೆಟ್ ರೈಲು ಓಡಿಸಿದ್ದ, ಟೋಕಿಯೋ ಒಲಿಂಪಿಕ್ಸ್ ನಡೆಸಿದ್ದ ದೇಶ. 1965ರಲ್ಲಿ ಅಲ್ಲಿ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದರು. 1966ರಲ್ಲಿ ಆ ಸಂಖ್ಯೆ 13.6 ಲಕ್ಷಕ್ಕೆ ಕುಸಿಯಿತು. 1967ರಲ್ಲಿ ಮತ್ತೆ 19.4 ಲಕ್ಷ! ಯುದ್ಧವಿಲ್ಲ, ಬರವಿಲ್ಲ, ರೋಗವಿಲ್ಲ. ಒಂದು ಪಂಚಾಂಗದ ಪುಟಕ್ಕೆ ಹೆದರಿ ಲಕ್ಷಾಂತರ ದಂಪತಿಗಳು ಮಗು ಬೇಡವೆಂದರು. ಅಂದ ಹಾಗೆ, ನಮ್ಮ ಲೆಕ್ಕದಲ್ಲಿ ಆ ವರ್ಷದ ಯುಗಾದಿಗೆ ಬಂದದ್ದು ಪರಾಭವ ಸಂವತ್ಸರ. ಹೆಸರಿನ ಅರ್ಥವೇ ಸೋಲು. ಅದಕ್ಕಾಗಿ ಇಲ್ಲಿ ಯಾರ ಮನೆಯ ತೊಟ್ಟಿಲೂ ಖಾಲಿ ಉಳಿಯಲಿಲ್ಲ. ಹಾಗೆಂದು ನಾವು ಜಪಾನೀಯರನ್ನು ನೋಡಿ ನಗುವಂತಿಲ್ಲ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ ಆಗದು ಎಂದು ಜಾತಕ ಹಿಂದಿರುಗಿಸುವವರು ನಮ್ಮ ನಡುವೆಯೇ ಇದ್ದಾರೆ. ಕೂಟ ನೋಡುವಾಗ ನಕ್ಷತ್ರಗಳಿಗೆ ಪ್ರಾಣಿಗಳನ್ನು ಹೊಂದಿಸಿ, ಬೆಕ್ಕಿಗೂ ಇಲಿಗೂ, ಹಾವಿಗೂ ಮುಂಗುಸಿಗೂ ಹೊಂದದು ಎನ್ನುವ ಯೋನಿಕೂಟವೂ ನಮ್ಮದೇ.

1966ರಲ್ಲಿ ಹುಟ್ಟಿದ ಜಪಾನೀ ಹೆಣ್ಣುಮಕ್ಕಳು ಎಲ್ಲರಂತೆ ಓದಿದರು, ದುಡಿದರು, ಮದುವೆಯಾದರು. ಅವರಲ್ಲೊಬ್ಬರಾದ ಕಿಕೊ 1990ರಲ್ಲಿ ರಾಜಕುಮಾರ ಅಕಿಶಿನೊ ಅವರನ್ನು ವರಿಸಿ ಅರಮನೆಗೇ ಸೊಸೆಯಾದರು. 2006ರಲ್ಲಿ ಅವರಿಗೆ ಹುಟ್ಟಿದ ಹಿಸಾಹಿತೊ, ಸಿಂಹಾಸನದ ಉತ್ತರಾಧಿಕಾರದ ಸಾಲಿನಲ್ಲಿ ತಂದೆಯ ನಂತರದ ಸ್ಥಾನದಲ್ಲಿದ್ದಾರೆ.

ಅರವತ್ತು ವರ್ಷಗಳ ಚಕ್ರದಲ್ಲಿ ಬೆಂಕಿ-ಕುದುರೆಯ ಮುಂದಿನ ಸರದಿ 2026. ಜನವರಿ 1ಕ್ಕೇ ವರ್ಷ ಬದಲಿಸುವ ಜಪಾನಿನಲ್ಲಿ ಅದು ಅಂದೇ ಆರಂಭ, ಚೀನಾದಲ್ಲಿ ಫೆಬ್ರವರಿ 17ಕ್ಕೆ. ಜಪಾನಿನಲ್ಲಿ 2024ರಲ್ಲಿ ಹುಟ್ಟಿದ ಮಕ್ಕಳೇ 7 ಲಕ್ಷಕ್ಕಿಂತ ಕಡಿಮೆ. ಇನ್ನೂ ಇಳಿಯಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ನಮ್ಮ ಷಷ್ಟ್ಯಬ್ದಿಯಂತೆ ಅವರಲ್ಲಿಯೂ ಅರವತ್ತು ತುಂಬಿದಾಗ 'ಕನ್‌ರೆಕಿ' ಎಂಬ ಸಂಭ್ರಮವಿದೆ. ಹುಟ್ಟಿದ ವರ್ಷವೇ ಮರಳಿ ಬಂದದ್ದರಿಂದ ಮತ್ತೆ ಮಗುವಾದಂತೆ ಎಂದು ಕೆಂಪು ಟೋಪಿ, ತೋಳಿಲ್ಲದ ಕೆಂಪು ಅಂಗಿ ತೊಡಿಸುತ್ತಾರೆ. 1966ರ ಆ ಹೆಣ್ಣುಮಕ್ಕಳಿಗೆ ಅದನ್ನು ತೊಡುವ ಸರದಿ 2026ರಲ್ಲಿ.