ತುಟಿಯ ಪುನರ್ನಿರ್ಮಾಣ

ವರ್ಣಮಾಲೆಯ ಪವರ್ಗದ ಐದು ಅಕ್ಷರಗಳನ್ನು ವ್ಯಾಕರಣಕಾರರು ಓಷ್ಠ್ಯಗಳೆಂದು ಕರೆದಿದ್ದಾರೆ. ಎರಡು ತುಟಿಗಳು ಕೂಡಿ ಬೇರ್ಪಡದೆ ಪ, ಫ, ಬ, ಭ, ಮ ಎಂಬ ಧ್ವನಿಗಳು ಹೊರಡಲಾರವು. ಅಪ್ಪ, ಅಮ್ಮ, ಬಾ, ಬಸವ ಎಂಬ ಮಾತುಗಳಿಗೆಲ್ಲ ತುಟಿಯೇ ಆಧಾರ. ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತನೆಂಬ ಕುಮಾರನು ತುಟಿ ನೊಂದಿದ್ದ ಕಾರಣ ತನ್ನ ವೃತ್ತಾಂತವನ್ನೆಲ್ಲ ಓಷ್ಠ್ಯಾಕ್ಷರಗಳಿಲ್ಲದೆಯೇ ಹೇಳಿ ಮುಗಿಸುತ್ತಾನೆ. ಮಠದ ಪಾಠಶಾಲೆಯಲ್ಲಿ ಅದನ್ನು ಓದುವಾಗ ನಾವು ಕವಿಯ ಚಾತುರ್ಯಕ್ಕೆ ಬೆರಗಾಗುತ್ತಿದ್ದೆವು. ಕ್ಯಾನ್ಸರಿನಿಂದ ಕೆಳದುಟಿಯನ್ನು ಕಳೆದುಕೊಂಡವರಿಗೆ ಅದೇ ನಿತ್ಯದ ಪಾಡಾಗುತ್ತದೆ.

ತುಟಿಯ ಕೆಲಸ ಮಾತಿಗೆ ಮುಗಿಯುವುದಿಲ್ಲ. ಬಾಯಿಯ ಸುತ್ತ ಬಳೆಯಂತೆ ಹಬ್ಬಿರುವ ಸ್ನಾಯುವೊಂದಿದೆ. ಎಲೆಯಡಿಕೆಯ ಸಂಚಿಯ ದಾರವನ್ನು ಎಳೆದರೆ ಅದರ ಬಾಯಿ ಮುಚ್ಚಿಕೊಳ್ಳುವಂತೆ, ಈ ಸ್ನಾಯು ಬಿಗಿದಾಗ ನಮ್ಮ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಳದುಟಿಯಾದರೋ ಕೆರೆಯ ಏರಿಯಿದ್ದ ಹಾಗೆ. ಅದು ತಗ್ಗಿದರೆ ಜೊಲ್ಲು ಸದಾ ಸುರಿಯುತ್ತದೆ, ಅಂಬಲಿ ಗಲ್ಲದ ಮೇಲೆ ಇಳಿಯುತ್ತದೆ. ಇಂತಹವರು ದಾಸೋಹದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದನ್ನು ಬಿಡುತ್ತಾರೆ, ಕ್ರಮೇಣ ಮನೆಯವರೊಡನೆ ಉಣ್ಣುವುದನ್ನೂ ಬಿಡುತ್ತಾರೆ. ಆದ್ದರಿಂದಲೇ ರೋಗವನ್ನು ಕತ್ತರಿಸಿ ತೆಗೆಯುವುದು ಎಷ್ಟು ಮುಖ್ಯವೋ, ತೆಗೆದ ತುಟಿಯನ್ನು ಮತ್ತೆ ಕಟ್ಟುವುದೂ ಅಷ್ಟೇ ಮುಖ್ಯವೆಂದು ವೈದ್ಯರು ಹೇಳುತ್ತಾರೆ.

ಬಿಳಿಯ ಚರ್ಮದ ಜನರಿರುವ ದೇಶಗಳಲ್ಲಿ ತುಟಿಯ ಕ್ಯಾನ್ಸರಿಗೆ ಬಿಸಿಲೇ ದೊಡ್ಡ ಕಾರಣ. ಕೆಳದುಟಿಗೆ ಬಿಸಿಲು ನೇರವಾಗಿ ಬೀಳುವುದರಿಂದ ಅಲ್ಲಿ ರೋಗ ಬಹುಮಟ್ಟಿಗೆ ಕೆಳದುಟಿಯದೇ. ನಮ್ಮಲ್ಲಿ ಮುಖ್ಯ ಅಪರಾಧಿ ತಂಬಾಕು. ಸುಣ್ಣ ಬೆರೆಸಿ ತಿಕ್ಕಿದ ತಂಬಾಕನ್ನು ತುಟಿಗೂ ಹಲ್ಲಿಗೂ ನಡುವೆ ಇಟ್ಟುಕೊಂಡು ಹೊಲಗೆಲಸಕ್ಕೆ ಇಳಿಯುವ ರೂಢಿ ನಮ್ಮ ಸೀಮೆಯಲ್ಲಿ ಹಳೆಯದು. ಈ ಎಲೆ ಮೊಗಲರ ಆಸ್ಥಾನಕ್ಕೆ ಹೋದದ್ದೂ ನಮ್ಮ ವಿಜಾಪುರದಿಂದಲೇ. ಅಕ್ಬರನ ರಾಯಭಾರಿ ಅಸದ್ ಬೇಗ್ ಹದಿನೇಳನೆಯ ಶತಮಾನದ ಆರಂಭದಲ್ಲಿ ಅದನ್ನು ಅಲ್ಲಿ ಕಂಡು ಬಾದಶಹನಿಗೆ ಒಯ್ದುಕೊಟ್ಟನೆಂದು ತಾನೇ ಬರೆದಿಟ್ಟಿದ್ದಾನೆ. ಇಂದು ನಿಪ್ಪಾಣಿಯ ಸುತ್ತಣ ಅನೇಕ ಸದ್ಭಕ್ತ ಮನೆತನಗಳು ತಂಬಾಕಿನ ಬೆಳೆಯಿಂದಲೇ ಮಕ್ಕಳನ್ನು ಓದಿಸಿವೆ ಎಂಬುದನ್ನು ನಾವು ಬಲ್ಲೆವು. ಅವರ ಮುಂದೆ ಈ ಮಾತನ್ನಾಡುವುದು ಸುಲಭವಲ್ಲ. ಅಡಿಕೆಯೂ ನಿರ್ದೋಷಿಯಲ್ಲ, ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾ ಮಾರಾಟವನ್ನು ನಿಷೇಧಿಸಿತು. ಅಂಗಡಿಗಳು ಅಡಿಕೆಪುಡಿಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಕೊಟ್ಟು ಆ ನಿಷೇಧದಿಂದ ನುಣುಚಿಕೊಂಡವು!

ರೋಗವು ಮೊದಲಿಗೆ ಒಂದು ಬಿಳಿಯ ಮಚ್ಚೆಯಾಗಿ, ಇಲ್ಲವೆ ಮಾಯದ ಸಣ್ಣ ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ನೋವು ಇರಲೇಬೇಕೆಂಬ ನಿಯಮವಿಲ್ಲ. ಮೂರು ವಾರ ಕಳೆದರೂ ಮಾಯದ ಹುಣ್ಣಿಗೆ ಮನೆಮದ್ದು ಸಾಲದು, ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಗಲೇಬೇಕು. ತುಟಿಯು ಕನ್ನಡಿಯಲ್ಲಿ ಕಾಣುವ ಅಂಗವಾದ್ದರಿಂದ ಇಲ್ಲಿಯ ಕ್ಯಾನ್ಸರನ್ನು ಬೇಗ ಗುರುತಿಸಬಹುದು. ಬೇಗ ಗುರುತಿಸಿದರೆ ಬಹುಪಾಲು ಜನ ಗುಣ ಹೊಂದುತ್ತಾರೆ. ಕಾಣುವ ಜಾಗವೆಂಬ ಕಾರಣಕ್ಕೇ ಅದನ್ನು ಮುಚ್ಚಿಡುವವರೂ ಇದ್ದಾರೆ.

ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮಗೆ ಪರಿಚಿತರಾದ ರೈತರೊಬ್ಬರಿದ್ದಾರೆ. ಪ್ರತಿ ಶ್ರಾವಣದಲ್ಲಿ ಊರ ಗುಡಿಯಲ್ಲಿ ಪುರಾಣ ಓದುವವರು ಅವರೇ. ಕೆಳದುಟಿಯ ಹುಣ್ಣನ್ನು ಎಂಟು ತಿಂಗಳು ಟವೆಲಿನಿಂದ ಮರೆಮಾಡಿದರು. ಟವೆಲಿನ ಮೇಲಿನ ರಕ್ತದ ಕಲೆಯನ್ನು ಕಂಡ ಅವರ ಧರ್ಮಪತ್ನಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಕತ್ತರಿಸಬೇಕೆಂದಾಗ ಮನೆಯಲ್ಲಿ ಗದ್ದಲವೆದ್ದಿತು. "ತಮ್ಮಾ, ತುಟಿ ಕೊಯ್ಸಿಕೊಂಡು ನಾಕು ಮಂದ್ಯಾಗ ಹ್ಯಾಂಗ ಕುಂಡರ್ತಿ? ಇದ್ದಷ್ಟು ದಿನ ಇದ್ದು ಹೋಗು" ಎಂದು ಅಣ್ಣನವರು ಕಣ್ಣೀರು ಹಾಕಿದರಂತೆ. "ಪುರಾಣ ಓದೂದು ಆಮ್ಯಾಲ ನೋಡೂಣು ಭಾವಾರ, ಮೊದಲ ಜೀವಾ ಉಳೀಲಿ" ಎಂದ ಆ ತಾಯಿಯ ಮಾತೇ ಕೊನೆಗೆ ನಡೆಯಿತು. ಪ್ರೀತಿಯಿಂದ ಆಡಿದ್ದಾದರೂ ಅಣ್ಣನವರ ಸಲಹೆ ಪ್ರಾಣಘಾತಕವಾಗಿತ್ತೆಂದು ನಾವು ಅವರೆದುರಿಗೇ ಹೇಳಿದ್ದೇವೆ.

ತುಟಿಯನ್ನು ಕಟ್ಟುವ ವಿದ್ಯೆ ಪರದೇಶದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಕತ್ತರಿಸಿದ ಮೂಗನ್ನು ಸರಿಪಡಿಸುವ ಕ್ರಮವಿದೆ. ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿಕೊಂಡು, ಅದೇ ಅಳತೆಯ ಮಾಂಸವನ್ನು ಕೆನ್ನೆಯಿಂದ ಎಬ್ಬಿಸಿ, ಬುಡವನ್ನು ಕಡಿಯದೆ ಮೂಗಿಗೆ ಜೋಡಿಸಬೇಕು. ತುಟಿಗೂ ಇದೇ ವಿಧಿ, ಉಸಿರಿಗಾಗಿ ಇಡುವ ನಳಿಗೆಗಳು ಮಾತ್ರ ಬೇಡವೆಂದು ಸಂಹಿತೆ ಹೇಳುತ್ತದೆ. ಬುಡ ಕಡಿಯಬಾರದೆಂಬಲ್ಲಿಯೇ ಇಡೀ ಶಾಸ್ತ್ರದ ಮರ್ಮವಿದೆ. ಬುಡದಿಂದ ರಕ್ತ ಹರಿಯುತ್ತಿದ್ದರೆ ಮಾಂಸ ಬದುಕುತ್ತದೆ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕವಾಸಜಿ ಎಂಬ ಬಂಡಿಯಾಳಿಗೆ ಪುಣೆಯ ದೇಶೀ ವೈದ್ಯನು ಹಣೆಯ ಚರ್ಮದಿಂದ ಮೂಗು ಕಟ್ಟಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಆ ಕ್ರಮವನ್ನು ಇಂಗ್ಲೆಂಡಿನಲ್ಲಿ ನಡೆಸಿದನು.

ಇನ್ನು ಇಂದಿನ ಪದ್ಧತಿಗೆ ಬರೋಣ. ಕಣ್ಣಿಗೆ ಕಾಣುವ ಗಡ್ಡೆಯ ಜೊತೆಗೆ ಸುತ್ತಲಿನ ಸುಮಾರು ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಭಾಗವನ್ನೂ ತೆಗೆಯುತ್ತಾರೆ. ತುಟಿಯ ಮೂರನೆಯ ಒಂದು ಪಾಲಿನವರೆಗೆ ಹೋದರೆ ಚಿಂತೆಯಿಲ್ಲ. ಅಂಚುಗಳನ್ನು ನೇರವಾಗಿ ಎಳೆದು, ಒಳಪೊರೆ, ಸ್ನಾಯು, ಚರ್ಮ ಎಂದು ಪದರಪದರವಾಗಿ ಹೊಲಿಯುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ತುಟಿಯ ಕೆಂಪೂ ಚರ್ಮವೂ ಸೇರುವ ಗೆರೆಯು ಒಂದು ಮಿಲಿಮೀಟರು ತಪ್ಪಿದರೂ ಎದುರಿನವರ ಕಣ್ಣಿಗೆ ಬೀಳುತ್ತದೆ. ಅರಿವಳಿಕೆಯ ಮದ್ದನ್ನು ಚುಚ್ಚಿದರೆ ತುಟಿ ಊದಿ ಗೆರೆ ಮರೆಯಾಗುವುದರಿಂದ, ಅದಕ್ಕೆ ಮುಂಚೆಯೇ ಶಾಯಿಯಿಂದ ಗುರುತು ಹಾಕಿಕೊಳ್ಳುತ್ತಾರೆ.

ಇದಕ್ಕಿಂತ ಹೆಚ್ಚು ಹೋದಾಗ ಇನ್ನೊಂದು ತುಟಿಯಿಂದ ಸಾಲ ಪಡೆಯಬೇಕಾಗುತ್ತದೆ. ಇಟಲಿಯ ಸಬಾಟಿನಿ 1838ರಲ್ಲಿಯೂ ನ್ಯೂಯಾರ್ಕಿನ ರಾಬರ್ಟ್ ಆಬೆ 1898ರಲ್ಲಿಯೂ ನಡೆಸಿದ ಕ್ರಮ ಇದೇ. ಒಂದು ತುಟಿಯ ತ್ರಿಕೋನಾಕಾರದ ಭಾಗವನ್ನು ಅದರ ರಕ್ತನಾಳ ಕಡಿಯದಂತೆ ತಿರುಗಿಸಿ ಇನ್ನೊಂದರ ಅಂತರದಲ್ಲಿ ಕೂಡಿಸುತ್ತಾರೆ. ಹೊಸ ಜಾಗದಿಂದ ರಕ್ತ ಬರತೊಡಗುವವರೆಗೆ, ಎಂದರೆ ಎರಡು ಮೂರು ವಾರ, ಎರಡು ತುಟಿಗಳೂ ಆ ಸೇತುವೆಯಿಂದ ಬಂಧಿತವಾಗಿರುತ್ತವೆ. ಬದಿಯ ಸಂದಿಯಿಂದ ಗಂಜಿ, ಹಾಲು, ಹಣ್ಣಿನ ರಸವಷ್ಟೇ ಆಹಾರ. ಮಾತು ಬಹುತೇಕ ಇಲ್ಲ. ಮನೆಯವರ ತಾಳ್ಮೆಗೆ ಇದು ನಿಜವಾದ ಪರೀಕ್ಷೆ. ರೋಗಿಯ ಹಾಸಿಗೆಯ ಬಳಿ ಹಲಗೆಬಳಪವನ್ನಾದರೂ ಇಡಬೇಕು.

ನಾವು ಹೇಳಿದ ರೈತರಿಗೆ ಕೆಳದುಟಿಯ ಮೂರರಲ್ಲಿ ಎರಡು ಪಾಲು ಹೋಗಿತ್ತು. ಅವರಿಗೆ ಮಾಡಿದ್ದು ಯುಗೋಸ್ಲಾವಿಯದ ಕರಪಾಂಜಿಚ್ 1974ರಲ್ಲಿ ಪ್ರಕಟಿಸಿದ ಕ್ರಮ. ಎರಡೂ ಕಟಬಾಯಿಗಳ ಬಳಿಯ ತುಟಿಯನ್ನು ನರ, ರಕ್ತನಾಳಗಳು ತುಂಡಾಗದಂತೆ ಬಿಡಿಸಿ ನಡುವಿಗೆ ತಂದು ಕೂಡಿಸುತ್ತಾರೆ. ಸಂಚಿಯ ದಾರ ಮತ್ತೆ ಗಂಟಾಗುತ್ತದೆ, ಸ್ಪರ್ಶಜ್ಞಾನವೂ ಉಳಿಯುತ್ತದೆ. ಆದರೆ ಬಾಯಿ ಚಿಕ್ಕದಾಗುವುದು ತಪ್ಪದು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಬಾಯೊಳಗೆ ಇಳಿಸುವುದೇ ಕೆಲವರಿಗೆ ಕಷ್ಟವಾಗುತ್ತದೆ.

ತುಟಿ ಪೂರ್ತಿಯಾಗಿ ಹೋದಾಗ ಮುಂಗೈಯ ಚರ್ಮವನ್ನು ಅದರ ರಕ್ತನಾಳಗಳೊಡನೆ ತೆಗೆದು, ಸೂಕ್ಷ್ಮದರ್ಶಕದಡಿ ಕುತ್ತಿಗೆಯ ನಾಳಗಳಿಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಹೊಸ ತುಟಿ ಜೋತುಬೀಳದಿರಲು ಮುಂಗೈಯ ಸ್ನಾಯುರಜ್ಜುವೊಂದನ್ನು ತೊಟ್ಟಿಲ ಹಗ್ಗದಂತೆ ಒಳಗೆ ಕಟ್ಟುತ್ತಾರೆ. ಕೆಲವರಿಗೆ ಈ ರಜ್ಜು ಹುಟ್ಟಿನಿಂದಲೇ ಇರುವುದಿಲ್ಲ. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ಬಾಗಿಸಿದರೆ ನಡುವೆ ಎದ್ದು ಕಾಣುವುದೇ ಅದು. ಹೀಗೆ ಕಟ್ಟಿದ ತುಟಿ ಬಾಯನ್ನು ಮುಚ್ಚೀತು, ತಾನಾಗಿ ಬಿಗಿಯಲಾರದು. ಬಣ್ಣವೂ ಬೇರೆ. ಮೊದಲಿನಂತೆಯೇ ಆಗುತ್ತದೆಂದು ರೋಗಿಗೆ ಸುಳ್ಳು ಭರವಸೆ ಕೊಡುವುದನ್ನು ನಾವು ಒಪ್ಪುವುದಿಲ್ಲ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿಯೂ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೂ ಕ್ಯಾನ್ಸರಿಗೆ ಚಿಕಿತ್ಸೆ ದೊರೆಯುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಬಿ.ಪಿ.ಎಲ್. ಕಾರ್ಡಿನವರಿಗೆ ಸಿಗುವುದರಿಂದ, ಮೊದಲ ದಿನವೇ ಕಾರ್ಡನ್ನು ಜೊತೆಗೆ ಒಯ್ಯಬೇಕು. ಕತ್ತರಿಸುವ ಮೊದಲೇ "ತುಟಿಯನ್ನು ಯಾರು, ಹೇಗೆ ಕಟ್ಟುತ್ತೀರಿ?" ಎಂದು ವೈದ್ಯರನ್ನು ಸಂಕೋಚಪಡದೆ ಕೇಳಬೇಕು. ಕುತ್ತಿಗೆಯ ಗ್ರಂಥಿಗಳನ್ನು ಪರೀಕ್ಷಿಸಿದರೇ ಎಂಬುದನ್ನೂ ವಿಚಾರಿಸಬೇಕು.

ಗಾಯ ಮಾದ ಮೇಲೆ ವೈದ್ಯರು ಹೇಳಿದಂತೆ ಬಾಯನ್ನು ಹಿಗ್ಗಿಸುವ ಅಭ್ಯಾಸವನ್ನು ತಿಂಗಳುಗಟ್ಟಲೆ ನಡೆಸಬೇಕು. ತಂಬಾಕು ಪೂರ್ತಿ ಬಿಡಬೇಕು. ಮೊದಲ ಎರಡು ಮೂರು ವರ್ಷ ತಪಾಸಣೆಗೆ ತಪ್ಪದೆ ಹೋಗಬೇಕು, ರೋಗ ಮರಳುವುದಾದರೆ ಬಹುಮಟ್ಟಿಗೆ ಆ ಅವಧಿಯಲ್ಲಿಯೇ. ಮಾತು ತಿದ್ದುವುದಕ್ಕೆ ಕನ್ನಡಿಯ ಮುಂದೆ ಕುಳಿತು ಪ, ಬ, ಮ ಅಕ್ಷರಗಳಿರುವ ಪದಗಳನ್ನು ದಿನಕ್ಕೆ ನಾಲ್ಕಾರು ಬಾರಿ ಹೇಳಿಸುತ್ತಾರೆ. ಮನೆಯಲ್ಲಿ ಬಳ್ಳಿ ಹಿಡಿದು ಅಕ್ಷರ ಕಲಿಯುವ ಮಕ್ಕಳಿದ್ದರೆ ಅವರ ಜೊತೆಯಲ್ಲಿಯೇ ಕೂರಿಸಬಹುದು.